ತೋರಣಗಲ್ಲಿನ ಕಾರ್ಖಾನೆಗೆ ಹೋಗಲಾ, ಬೇಡವಾ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ತೋರಣಗಲ್ಲು ಹತ್ತಿರದ ಒಂದು ಉಕ್ಕಿನ ಕಾರ್ಖಾನೆಗೆ ಗ್ರಾಜುಯೇಟ್ ಎಂಜಿನಿಯರ್ ಟ್ರೈನಿಯಾಗಿ ಆಯ್ಕೆಯಾಗಿದ್ದೇನೆ. ಒಂದು ವರ್ಷ ತರಬೇತಿ, ಎರಡು ವರ್ಷದ ಬಾಂಡ್. ಗೆಳೆಯರೆಲ್ಲ ಬೆಂಗಳೂರಿಗೆ ಹೊರಟಿದ್ದಾರೆ. ‘ಆ ಧೂಳು, ಬಿಸಿಲು, ನೈಟ್ ಶಿಫ್ಟ್ ನಿನಗ್ಯಾಕೆ?’ ಅಂತಾರೆ. ಏನು ಮಾಡಲಿ?

ಉತ್ತರ: ಮೆಕ್ಯಾನಿಕಲ್‌ನಲ್ಲೇ ಮುಂದುವರಿಯುವ ಆಸೆ ಇದ್ದರೆ ಖಂಡಿತ ಹೋಗಿ. ಮನಸ್ಸು ಸಾಫ್ಟ್‌ವೇರ್ ಕಡೆ ಇದ್ದರೆ ಮಾತ್ರ ಸುಮ್ನೆ ಬಾಂಡ್‌ಗೆ ಸಹಿ ಹಾಕಬೇಡಿ.

ಸಂಡೂರು ಬೆಟ್ಟದ ಅದಿರು, ತುಂಗಭದ್ರೆಯ ನೀರು ಹತ್ತಿರ ಇರುವುದರಿಂದಲೇ ಉಕ್ಕಿನ ಕಾರ್ಖಾನೆ ತೋರಣಗಲ್ಲಿಗೆ ಬಂತು. ಶಕ್ತಿನಗರ, ಕೂಡಗಿ, ಕೈಗಾದ ವಿದ್ಯುತ್ ಸ್ಥಾವರಗಳೂ ಹಾಗೆಯೇ ನೀರಿನ ಹತ್ತಿರ ಬಂದವು. ದೊಡ್ಡ ಯಂತ್ರಗಳಿರುವುದೇ ಇಂಥ ಊರುಗಳಲ್ಲಿ. ಅವುಗಳ ಪಕ್ಕದಲ್ಲಿ ನಿಂತು ಕಲಿಯಲು ಇಪ್ಪತ್ತೆರಡರ ವಯಸ್ಸಿಗಿಂತ ಒಳ್ಳೆಯ ಕಾಲ ಇಲ್ಲ.

ಕಲಿಕೆ ಹೇಗಿರುತ್ತದೆ ಅಂದರೆ, ಅದಿರು ಸಾಗಿಸುವ ಕನ್ವೇಯರ್‌ನ ಗೇರ್‌ಬಾಕ್ಸ್ ಸದ್ದು ರಾತ್ರಿ ಪಾಳಿಯಲ್ಲಿ ಬದಲಾಯಿತು ಅಂದುಕೊಳ್ಳಿ. ಹಳೆಯ ಫಿಟ್ಟರ್ ಉದ್ದದ ಸ್ಕ್ರೂಡ್ರೈವರ್‌ನ ತುದಿಯನ್ನು ಬೇರಿಂಗ್ ಹೌಸಿಂಗ್‌ಗೆ (ಬೇರಿಂಗ್ ಕೂತಿರುವ ಕವಚಕ್ಕೆ) ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳುತ್ತಾರೆ. ಬೇರಿಂಗ್ ಹೋಗಿದೆ ಅಂತ ಹೇಳಿಬಿಡುತ್ತಾರೆ. ಕನ್ವೇಯರ್ ನಿಲ್ಲಿಸಿ, ವಿದ್ಯುತ್ ಬ್ರೇಕರ್ ತೆಗೆದು, ಯಾರೂ ಮತ್ತೆ ಚಾಲೂ ಮಾಡದಂತೆ ಬೀಗ ಹಾಕಿ, ಟ್ಯಾಗ್ ಕಟ್ಟುತ್ತಾರೆ. ನಿಮ್ಮ ಬೀಗವನ್ನೂ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಳ್ಳಿ. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ ನೋಡಿ, ತಿರುಗಲಿಲ್ಲ ಅಂತ ಖಾತ್ರಿಯಾದ ಮೇಲಷ್ಟೇ ಕೈ ಹಾಕಬೇಕು. ಬೇರಿಂಗ್ ಬದಲಾಯಿಸುವುದು ಫಿಟ್ಟರ್‌ಗೆ ನಿಮಗಿಂತ ಚೆನ್ನಾಗಿ ಗೊತ್ತು. ಅದು ಯಾಕೆ ಹೋಯಿತು? ಗ್ರೀಸ್ ಕಮ್ಮಿಯಾಯಿತಾ, ಸೀಲ್ ಹರಿದು ಧೂಳು ಹೊಕ್ಕಿತಾ, ಅಲೈನ್‌ಮೆಂಟ್ ತಪ್ಪಿತ್ತಾ? ಇದನ್ನು ಹುಡುಕಿ ಬರೆಯುವುದು ನಿಮ್ಮ ಕೆಲಸ. ಆ ಫಿಟ್ಟರನ್ನು ‘ಅಣ್ಣಾ’ ಅಂತ ಕರೆದು ಪಕ್ಕದಲ್ಲೇ ಇರಿ. ಶಿಫ್ಟ್ ಲಾಗ್‌ಬುಕ್‌ನ ಹಳೆಯ ಪುಟಗಳನ್ನೂ ತಿರುವಿ ನೋಡಿ. ಅದೇ ಬೇರಿಂಗ್ ಹಿಂದೆಯೂ ಹೋಗಿದ್ದರೆ ನಿಮ್ಮ ತರಬೇತಿಯ ಪ್ರಾಜೆಕ್ಟ್ ಅಲ್ಲೇ ಸಿಕ್ಕಿತು.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಅದಿರು ಕರಗಿಸುವ ಕುಲುಮೆಯಿಂದ ಬರುವ ಬ್ಲಾಸ್ಟ್ ಫರ್ನೇಸ್ ಗ್ಯಾಸ್‌ನಲ್ಲಿ ಕಾಲು ಭಾಗದ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಎದೆಗೆ ಸಿಕ್ಕಿಸಿದ ಗ್ಯಾಸ್ ಮಾನಿಟರ್ ಕೂಗಿದರೆ ಯಾರನ್ನೂ ಕೇಳುತ್ತಾ ನಿಲ್ಲಬೇಡಿ, ಹೊರಗೆ ಬನ್ನಿ.

ಈಗ ಕಾಗದಪತ್ರದ ವಿಷಯ. ಲೆಟರ್‌ನಲ್ಲಿ ‘ಟ್ರೈನಿ’ ಅಂತಿದೆಯಾ, ‘ಅಪ್ರೆಂಟಿಸ್’ ಅಂತಿದೆಯಾ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ತೆಗೆದುಕೊಂಡರೆ, ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತೇನಿಲ್ಲ. ಬಾಂಡ್ ಲೆಕ್ಕ ಸೇರಿದ ದಿನದಿಂದಲೋ, ಕನ್ಫರ್ಮ್ ಆದ ದಿನದಿಂದಲೋ ಕೇಳಿ. ಎರಡನೆಯದಾದರೆ ಒಟ್ಟು ಮೂರು ವರ್ಷವಾಯಿತು. ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು, ದಿನ ಕಳೆದಂತೆ ಆ ಮೊತ್ತ ಇಳಿಯುತ್ತದಾ? ‘ಬಾಂಡ್ ಕೋರ್ಟಲ್ಲಿ ನಿಲ್ಲಲ್ಲ ಬಿಡು’ ಅನ್ನುವ ಸೀನಿಯರ್ ಮಾತು ನಂಬಬೇಡಿ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷ ಕೆಲಸ, ಬಿಟ್ಟರೆ 2 ಲಕ್ಷ ರೂಪಾಯಿ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಮೂಲ ಅಂಕಪಟ್ಟಿ ಮಾತ್ರ ಯಾರ ಬಳಿಯೂ ಬಿಡಬೇಡಿ, ತೋರಿಸಿ ವಾಪಸ್ ತನ್ನಿ.

ಸಂಬಳದಲ್ಲಿ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ನೋಡಿ ಹಿಗ್ಗಬೇಡಿ, ಕೈಗೆ ಬರುವುದೆಷ್ಟು ಕೇಳಿ. ಹಾಸ್ಟೆಲ್, ಕ್ಯಾಂಟೀನ್, ಬಸ್ ಕಾರ್ಖಾನೆಯದ್ದೇ ಇದ್ದರೆ ಬೆಂಗಳೂರಿನ ಪಿಜಿ ಬಾಡಿಗೆಗೆ ಹೋಲಿಸಿದರೆ ಜಾಸ್ತಿ ಉಳಿಯುತ್ತದೆ.

ಬಿಸಿಲು ನಿಜ, ನೈಟ್ ಶಿಫ್ಟ್ ಮೊದಲ ತಿಂಗಳುಗಳಲ್ಲಿ ಹೈರಾಣು ಮಾಡುವುದೂ ನಿಜ. ಸರ್ಕಾರಿ ಉದ್ಯಮದ ಆಸೆಯಿದ್ದರೆ ಗೇಟ್ ಪರೀಕ್ಷೆಯನ್ನು ಕೊನೆಯ ವರ್ಷದಲ್ಲೇ ಬರೆಯಿರಿ. ಅದರ ಅಂಕಕ್ಕೆ ಮೂರು ವರ್ಷ ಮಾನ್ಯತೆ ಇದೆ, ಆದರೆ ಅದನ್ನು ನೋಡಿ ಕೆಲಸಕ್ಕೆ ತೆಗೆದುಕೊಳ್ಳುವ ಎಷ್ಟೋ ಸರ್ಕಾರಿ ಉದ್ಯಮಗಳು ಆಯಾ ವರ್ಷದ ಅಂಕವನ್ನೇ ಕೇಳುತ್ತವೆ. ಪಾಳಿ ಮಾಡುತ್ತಾ ಓದುವುದು ಬಹಳ ಕಷ್ಟ.

ಯಾವ ವಿಭಾಗ ಅಂತ ಲೆಟರ್‌ನಲ್ಲಿ ಇಲ್ಲದಿದ್ದರೆ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ. ಆಯ್ಕೆ ಕೊಟ್ಟರೆ ಪ್ಲಾನಿಂಗ್ ಆಫೀಸಿಗಿಂತ ಮೆಕ್ಯಾನಿಕಲ್ ಮೇಂಟೆನೆನ್ಸ್ ಕೇಳಿಕೊಳ್ಳಿ. ಎಕ್ಸೆಲ್ ಶೀಟ್ ಆಮೇಲೂ ಕಲಿಯಬಹುದು, ಅಲ್ವಾ?