ಗದ್ದದ ಕೂದಲಿಗೆ ಲೇಸರ್: ನಡುವೆ ಥ್ರೆಡಿಂಗ್ ಬೇಡವೇ ಬೇಡ

ಪ್ರಶ್ನೆ: ವಯಸ್ಸು 26, ಗೋಣಿಕೊಪ್ಪ. ಗದ್ದಕ್ಕೆ ಐದು ಸಿಟ್ಟಿಂಗ್ ಲೇಸರ್ ಆಯಿತು. ನಡುನಡುವೆ ಥ್ರೆಡಿಂಗ್ ಮಾಡಿಸುತ್ತೇನೆ. ಕೂದಲು ಮತ್ತೆ ಬರುತ್ತಿದೆ. ಮುಟ್ಟು ಎರಡು ತಿಂಗಳಿಗೊಮ್ಮೆ. ಬರುವ ಏಪ್ರಿಲ್‌ನಲ್ಲಿ ಮದುವೆ. ಮೋಸಹೋದೆನೇ?

ಉತ್ತರ: ಎಷ್ಟು ಸಲ ಬರೆದರೂ ಈ ಥ್ರೆಡಿಂಗ್ ನಿಲ್ಲುತ್ತಿಲ್ಲ. ಲೇಸರ್ ಬೆಳಕನ್ನು ಹೀರುವುದು ಕೂದಲಿನ ಕಪ್ಪು ಬಣ್ಣ. ಆ ಶಾಖ ಬುಡಕ್ಕೆ ಇಳಿದರೆ ಮಾತ್ರ ಬೇರು ಸುಡುತ್ತದೆ. ನೂಲು ಹಾಕಿ ಬುಡಸಮೇತ ಕಿತ್ತು ಬಂದರೆ ಬೆಳಕು ಹಿಡಿಯುವುದು ಏನನ್ನು? ವ್ಯಾಕ್ಸಿಂಗ್, ಚಿಮಟವೂ ಅಷ್ಟೇ. ಸಿಟ್ಟಿಂಗ್‌ಗೆ ನಾಲ್ಕು ವಾರ ಮುಂಚೆಯೇ ಇವೆಲ್ಲ ನಿಲ್ಲಬೇಕು. ಕಂಡರೆ ಕತ್ತರಿಯಿಂದ ಕತ್ತರಿಸಿ, ಹಿಂದಿನ ದಿನ ರೇಜರ್‌ನಿಂದ ಬೋಳಿಸಿ. ಬೋಳಿಸಿದರೆ ದಪ್ಪ ಬರುತ್ತದೆನ್ನುವುದು ಸುಳ್ಳು; ರೇಜರ್ ತುದಿಯನ್ನಷ್ಟೇ ಕೊಯ್ಯುತ್ತದೆ, ಬೇರನ್ನು ಮುಟ್ಟುವುದಿಲ್ಲ.

ಇನ್ನೊಂದು ಮಾತು ಯಾರೂ ನಿಮಗೆ ಹೇಳಿದಂತಿಲ್ಲ. ಮುಟ್ಟು ತಪ್ಪುತ್ತಿದೆ, ಗದ್ದದಲ್ಲಿ ಗಡುಸು ಕೂದಲು ಬರುತ್ತಿದೆ ಎಂದರೆ ಮೊದಲು ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ಏರುಪೇರು) ಇದೆಯೇ ನೋಡಬೇಕು. ಟೆಸ್ಟೊಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡಿಸಿ. ಹಾರ್ಮೋನು ಹತೋಟಿಗೆ ಬಾರದಿದ್ದರೆ ಒಂದು ಬೇರು ಸುಟ್ಟಷ್ಟರಲ್ಲಿ ಪಕ್ಕದ ನವಿರು ಕೂದಲು ಗಡುಸಾಗುತ್ತದೆ. ಗಂಡು ಹಾರ್ಮೋನಿನ ಪ್ರಭಾವ ತಗ್ಗಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಬರೆದುಕೊಟ್ಟರೆ ಫಲ ಕಾಣಲು ಆರು ತಿಂಗಳಾದರೂ ಬೇಕು. ಅದನ್ನು ನುಂಗುವಾಗ ಗರ್ಭ ನಿಲ್ಲಬಾರದು. ಮದುವೆ ಗೊತ್ತಾಗಿದೆ ಎಂದು ವೈದ್ಯರಿಗೆ ಮೊದಲೇ ತಿಳಿಸಿ.

ಯಂತ್ರದ ತರಂಗಾಂತರ (ಬೆಳಕಿನ ಅಲೆಯ ಉದ್ದ) ಎಷ್ಟೆಂದು ಕೇಳಿ. ನಮ್ಮ ಗೋಧಿ ಬಣ್ಣ, ಕಪ್ಪು ಚರ್ಮಕ್ಕೆ 810 ನ್ಯಾನೋಮೀಟರ್ ಡಯೋಡ್ ಅಥವಾ 1064ರ ಎನ್‌ಡಿ-ಯಾಗ್ ಸರಿ. 755ರದ್ದು ಬಿಳಿ ಚರ್ಮಕ್ಕೆ ಹೆಚ್ಚು ಒಗ್ಗುತ್ತದೆ. ಬಿಸಿಲಿಗೆ ಕಂದಿದ ಮುಖಕ್ಕೆ ಹಾಕಿದರೆ ಬೊಬ್ಬೆ ಏಳಬಹುದು. ಉತ್ತರ ಗೊತ್ತಿಲ್ಲದವರ ಕೈಗೆ ಮುಖ ಕೊಡಬೇಡಿ. ಸರಿಯಾಗಿ ತಗುಲಿದರೆ ಕೆಲವೇ ನಿಮಿಷದಲ್ಲಿ ಪ್ರತಿ ಕೂದಲಿನ ಸುತ್ತ ಕೆಂಪಾಗಿ ಸ್ವಲ್ಪ ಉಬ್ಬುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಎರಡು-ಮೂರು ವಾರ ಕೂದಲು ಬೆಳೆದಂತೆ ಕಂಡು ತಾನೇ ಉದುರುತ್ತದೆ. ಅದನ್ನು ನೋಡಿಯೇ ಗಾಬರಿಯಾಗಿ ಪಾರ್ಲರ್‌ಗೆ ಓಡುವವರು ಹೆಚ್ಚು. ಕೆನ್ನೆಯ ಅಂಚಿನ ನವಿರು ಕೂದಲಿಗೆ ಮಾತ್ರ ಲೇಸರ್ ಬೇಡ. ಅಲ್ಲಿ ಉದುರುವ ಬದಲು ಗಡುಸಾಗಿ ಹೆಚ್ಚುವುದೂ ಉಂಟು.

ಬೆಳೆಯುವ ಹಂತದ ಕೂದಲಿಗಷ್ಟೇ ಏಟು ಬೀಳುವುದರಿಂದ ಮುಖಕ್ಕೆ 4–6 ವಾರಕ್ಕೊಮ್ಮೆ, ಆರರಿಂದ ಎಂಟು ಸಿಟ್ಟಿಂಗ್ ಬೇಕು. ಕೊಡಗಿನಲ್ಲಿ ಶುರುಮಾಡಲು ಒಳ್ಳೆಯದು ಮಳೆ ಹಿಡಿಯುವ ಜೂನ್. ಕಾಫಿ ಕೊಯ್ಲಿನ ಬಿಸಿಲು ಬರುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಕಣದಲ್ಲಿ ದಿನವಿಡೀ ನಿಂತು ಮರುದಿನ ಲೇಸರ್‌ಗೆ ಹೋಗಬೇಡಿ. ಮದುವೆಗೆ ಮುಂಚಿನ ಮೂರು ವಾರ ಯಂತ್ರ ಬೇಡ. ಸುಟ್ಟ ಕಲೆ ಮಾಸಲು ತಿಂಗಳುಗಳೇ ಬೇಕು.

ಪ್ರಶ್ನೆ: ಬಿಳಿ ಕೂದಲಿಗೆ? (ಮಡಿಕೇರಿ)
ಆಗದು. ಸಣ್ಣ ಸೂಜಿಯಿಂದ ಒಂದೊಂದೇ ಕೂದಲಿನ ಬುಡಕ್ಕೆ ವಿದ್ಯುತ್ ಹಾಯಿಸುವ ಎಲೆಕ್ಟ್ರಾಲಿಸಿಸ್ ಒಂದೇ ದಾರಿ.

ಪ್ರಶ್ನೆ: ಕ್ಯಾನ್ಸರ್ ಬರುತ್ತದೆಯೇ? (ಸೋಮವಾರಪೇಟೆ)
ಇಲ್ಲ. ಇದು ಎಕ್ಸ್‌ರೇ ಅಲ್ಲ, ಬೆಳಕು. ಆದರೆ ಕಣ್ಣಿಗೆ ಕನ್ನಡಕ ಹಾಕದೆ ಯಂತ್ರ ಹಿಡಿಯುವವರಿಂದ ಎದ್ದು ಬನ್ನಿ. ಹುಬ್ಬಿನ ಕೆಳಗೆ ಲೇಸರ್ ಬೇಡ.

ಪ್ರಶ್ನೆ: ಕಸ್ತೂರಿ ಅರಿಶಿನ, ಕಡಲೆಹಿಟ್ಟು ಉಜ್ಜಿದರೆ ಬೇರು ಸಾಯುತ್ತದೆಯೇ? (ವಿರಾಜಪೇಟೆ)
ಸಾಯುವುದಿಲ್ಲ. ಚರ್ಮ ಕೆರೆದು ಕಪ್ಪಾಗುತ್ತದೆ. ಬೇರು ಸಾಯುವ ಎಣ್ಣೆ ಎಂದು ಮಾರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.