ತುಮಕೂರು ಸುತ್ತ ಹೈಡ್ರೋಫಾಯಿಲ್ ಬೋರ್ಡ್‌ನಲ್ಲಿ ವಿಂಡ್‌ಸರ್ಫಿಂಗ್ ಮಾಡಲು ಜಾಗ ಹುಡುಕೋದು ಹೇಗೆ?

ಹೈಡ್ರೋಫಾಯಿಲ್ (ಫಾಯಿಲ್) ಅಂದರೆ ಹಾಯಿ ಕಟ್ಟಿದ ಬೋರ್ಡ್ ಕೆಳಗೆ ಕಂಬಕ್ಕೆ ಜೋಡಿಸಿದ ರೆಕ್ಕೆ; ವೇಗ ಬಂದಾಗ ಅದು ಬೋರ್ಡನ್ನು ನೀರಿನಿಂದ ಮೇಲೆತ್ತುತ್ತದೆ. ಹಾಗಾಗಿ ಮೊದಲು ಆಳ ನೋಡಿ, ಆಮೇಲೆ ಗಾಳಿ. ಬೋರ್ಡ್ ಕೆಳಗಿನ ಕಂಬವೇ ಸುಮಾರು 70ರಿಂದ 90 ಸೆಂ.ಮೀ. ಇರುತ್ತದೆ. ಅದರ ತುದಿಯ ರೆಕ್ಕೆ ನೆಲಕ್ಕೆ ತಗುಲಿದರೆ ನೀವು ಮುಂದಕ್ಕೆ ಹಾರಿ ಬೀಳುತ್ತೀರಿ. ಹಾಗಾಗಿ ಎದೆಮಟ್ಟಕ್ಕಿಂತ ಜಾಸ್ತಿ ನೀರು ಬೇಕು.

ನಮ್ಮ ಕೆರೆಗಳ ದೊಡ್ಡ ತೊಂದರೆ ಅಂದರೆ ಜಾಲಿ ಮೋಟು. ನೀರು ತುಂಬಿದಾಗ ಕಾಣೋದೇ ಇಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗಲೇ ಹೋಗಿ, ಮೋಟು, ಬಂಡೆ ಎಲ್ಲೆಲ್ಲಿವೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಮೀನಿನ ಬಲೆ ಎಲ್ಲಿ ಹಾಕಿದ್ದಾರೆ ಅಂತ ಅಲ್ಲಿನವರನ್ನೇ ಕೇಳಿ. ಬಲೆ, ಜೊಂಡು ಎರಡೂ ರೆಕ್ಕೆಗೆ ಸುತ್ತಿಕೊಳ್ಳುತ್ತವೆ.

ಫಾಯಿಲ್‌ಗೆ ಬಿರುಗಾಳಿ ಬೇಡ. ದೊಡ್ಡ ಹಾಯಿ ಇದ್ದರೆ ಗಂಟೆಗೆ 18 ಕಿ.ಮೀ. ಆಸುಪಾಸಿನ ಗಾಳಿ ಸಾಕು. ನಮ್ಮಲ್ಲಿ ಆಷಾಢದ ಪಡುವಣ ಗಾಳಿ ಇದೆಯಲ್ವಾ, ಅದೇ ಸರಿಯಾದ ಕಾಲ. ಗಾಳಿ ಬರುವ ಕಡೆ ತೋಪು, ಗುಡ್ಡ ಇರಬಾರದು.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ನಾನು ಮೊದಲು ನೋಡುತ್ತೇನೆ. ನೀರಾವರಿ ಇಲಾಖೆಯ ಅನುಮತಿ ಕೇಳಿ; ತೂಬು, ಕೋಡಿಯ ಹತ್ತಿರ ಮಾತ್ರ ಹೋಗಲೇಬೇಡಿ. ಬುಗುಡನಹಳ್ಳಿ ಕೆರೆ ತುಮಕೂರು ನಗರಕ್ಕೆ ಕುಡಿಯುವ ನೀರಿನದು, ಅದನ್ನು ಬಿಟ್ಟುಬಿಡಿ.