ತೊದಲೋ, ಬಡಬಡಿಕೆಯೋ?

ಪ್ರಶ್ನೆ: ಕಥೆಗಳನ್ನು ಅನುವಾದಿಸುವಾಗ ಮಗು, ಕುಡಿದವ, ಜ್ವರ ಬಂದವ ಯಾರೇ ಅರ್ಥವಾಗದಂತೆ ಮಾತಾಡಿದರೂ ‘ತೊದಲಿದ’ ಎಂದೇ ಬರೆಯುತ್ತಿದ್ದೇನೆ. ಸರಿಯೇ? ‘ಮ್ಲೇಚ್ಛ’ಕ್ಕೂ ಇದೇ ಅರ್ಥವಂತೆ, ಹೌದೇ?
– ಓದುಗರೊಬ್ಬರು, ಹಾಸನ

ಉತ್ತರ: ಎಲ್ಲದಕ್ಕೂ ಒಂದೇ ಪದ ಸಲ್ಲದು. ಮಾತು ಎಲ್ಲಿ ಕೆಟ್ಟಿದೆ ಎಂದು ನೋಡಿ ಪದ ಹಿಡಿಯಬೇಕು.

ತೊದಲಿನಲ್ಲಿ ಕೆಡುವುದು ಉಚ್ಚಾರಣೆ. ‘ಅಜ್ಜಿ, ರೊಟ್ಟಿ ಕೊಡು’ ಎನ್ನಹೊರಟ ಮಗು ‘ಅಜ್ಜಿ, ಲೊತ್ತಿ ಕೊದು’ ಎನ್ನುತ್ತದೆ. ರಕಾರ ಲಕಾರವಾಯಿತು, ನಾಲಿಗೆ ಮಡಿಚಿ ನುಡಿಯಬೇಕಾದ ಟ, ಡ ಹಲ್ಲಿಗೆ ತಾಗಿ ತ, ದ ಆದವು. ಬೇಕಾದ್ದು ಏನೆಂದು ಮಗುವಿಗೆ ಗೊತ್ತು, ಅಜ್ಜಿಗೂ ತಿಳಿಯಿತು. ಕುಡಿದವರ ನಾಲಿಗೆಯೂ ತೊದಲುತ್ತದೆ. ಆದರೆ ‘ರೊ-ರೊ-ರೊಟ್ಟಿ’ ಎಂದು ಮೊದಲಕ್ಷರಕ್ಕೇ ಮಾತು ಸಿಕ್ಕಿಕೊಂಡರೆ ಅದು ಉಗ್ಗು. ಎರಡಕ್ಕೂ ‘ತೊದಲು’ ಎನ್ನುವ ರೂಢಿ ಇದೆ. ಬೇರೆ ಪದ ಕೈಯಲ್ಲೇ ಇರುವಾಗ ಕಲಸುವುದು ಬೇಡ.

ಜ್ವರ ನೆತ್ತಿಗೇರಿದವರದು ಬಡಬಡಿಕೆ. ‘ಎತ್ತು ಕಟ್ಟು, ಬಸ್ಸು ಬಂತು, ಅವ್ವ ಎಲ್ಲಿ’: ಒಂದೊಂದು ಪದವೂ ಸ್ಪಷ್ಟ, ಒಂದಕ್ಕೊಂದು ನಂಟಿಲ್ಲ. ಇಲ್ಲಿ ‘ತೊದಲಿದ’ ಎಂದು ಬರೆದರೆ ಓದುಗರ ಗಮನ ನಾಲಿಗೆಯತ್ತ ಹೋಗುತ್ತದೆ, ರೋಗಿಗೆ ಎಚ್ಚರ ತಪ್ಪಿರುವುದು ಕಾಣುವುದೇ ಇಲ್ಲ. ನಿದ್ದೆಯಲ್ಲಿ ಆಡಿದ್ದು ಕನವರಿಕೆ. ಗೊಣಗುವುದರಲ್ಲಿ ಅಸಮಾಧಾನ ಸೇರಿಯೇ ಇರುತ್ತದೆ. ‘ಪ್ರಾರ್ಥನೆ ಗೊಣಗಿದಳು’ ಎಂದು ಬರೆದರೆ ಆಕೆ ದೇವರ ಮೇಲೆ ಸಿಡುಕಿದಂತಾಗುತ್ತದೆ.

ಮ್ಲೇಚ್ಛದ ವಿಷಯ ನಿಜ. ಸಂಸ್ಕೃತದ ಕ್ರಿಯಾಮೂಲಗಳ ಪಟ್ಟಿಯಾದ ಪಾಣಿನೀಯ ಧಾತುಪಾಠ ‘ಮ್ಲೇಚ್ಛ ಅವ್ಯಕ್ತೇ ಶಬ್ದೇ’ ಎನ್ನುತ್ತದೆ, ಅಂದರೆ ಅಸ್ಪಷ್ಟವಾಗಿ ನುಡಿಯುವುದು. ಶತಪಥ ಬ್ರಾಹ್ಮಣ ಎಂಬ ವೈದಿಕ ಗ್ರಂಥದಲ್ಲಿ ಅಸುರರು ‘ಹೇಽಲವೋ ಹೇಽಲವಃ’ ಎಂದು ಕೂಗುತ್ತಾ ಸೋಲುತ್ತಾರೆ. ‘ಹೇಽರಯಃ’, ಎಲೈ ಶತ್ರುಗಳೇ, ಎನ್ನಬೇಕಿತ್ತು ಎಂಬುದು ವ್ಯಾಖ್ಯಾನ. ನೋಡಿ, ಇಲ್ಲೂ ರಕಾರ ಲಕಾರವಾಗಿದೆ! ಮಗುವಿನ ಬಾಯಲ್ಲಿ ಮುದ್ದಾಗಿದ್ದದ್ದು ಪರರ ಬಾಯಲ್ಲಿ ಮ್ಲೇಚ್ಛವಾಯಿತು. ಆಮೇಲೆ ಆ ಪದ ಮಾತನ್ನು ಬಿಟ್ಟು ಆಡುವವರಿಗೇ ಅಂಟಿ ಬೈಗುಳವಾಗಿದೆ. ಇಂದಿನ ಬರಹದಲ್ಲಿ ಮಾತಿನ ವರ್ಣನೆಗೆ ಒದಗದು. ಕಥೆಯಲ್ಲಿ ಯಾರಾದರೂ ಪರಭಾಷೆ ಆಡಿದರೆ ‘ಅವರ ಮಾತು ಇವನಿಗೆ ತಿಳಿಯಲಿಲ್ಲ’ ಎಂದಷ್ಟೇ ಬರೆಯಿರಿ.